ಪಿಟ್ ಬಿಟ್ಟು ಯುಜಿಡಿಗೆ ಬಂದ ಮೇಲೆ: ಐದಾರು ಮಳೆಗಾಲದ ಅನುಭವ

ನಮ್ಮದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. 30–40 ಸೈಟಿನಲ್ಲಿ ಮನೆ, ಐದು ಜನ. ಮನೆ ಕಟ್ಟುವಾಗ ಊರಿನಲ್ಲಿ ಒಳಚರಂಡಿ ಇರಲಿಲ್ಲ. ಎಲ್ಲರ ಹಾಗೆ ಗೇಟಿನ ಪಕ್ಕ ಪಿಟ್ ತೆಗೆಸಿದ್ದೆವು. ಆಮೇಲೆ ಬೀದಿಗೆ ಯುಜಿಡಿ, ಅಂದರೆ ಒಳಚರಂಡಿ ಪೈಪು ಬಂತು, ಕನೆಕ್ಷನ್ ತಗೊಂಡೆವು. ಈಗ ಐದಾರು ಮಳೆಗಾಲ ಕಳೆದಿವೆ. ಕನೆಕ್ಷನ್ ತಗೊಳ್ಳೋದಾ, ಇಲ್ಲ ಪಿಟ್‌ನಲ್ಲೇ ಇರೋದಾ ಅಂತ ಯೋಚನೆ ಮಾಡುತ್ತಿರುವವರಿಗೆ ನನ್ನ ಉತ್ತರ: ತಗೊಳ್ಳಿ. ನಾನು 5ಕ್ಕೆ 4 ಅಂಕ ಕೊಡುತ್ತೇನೆ. ಆ ಒಂದು ಅಂಕ ಎಲ್ಲಿ ಹೋಯಿತು ಅನ್ನೋದನ್ನೇ ಜಾಸ್ತಿ ಹೇಳಬೇಕು.

ಸೆಪ್ಟಿಕ್ ಟ್ಯಾಂಕ್ ಅಂತ ಬಾಯಲ್ಲಿ ಹೇಳುತ್ತೇವೆ, ಆದರೆ ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಇರೋದು ಸಿಮೆಂಟ್ ರಿಂಗ್ ಇಳಿಸಿದ, ತಳವೇ ಇಲ್ಲದ ಗುಂಡಿ. ಸರಿಯಾದ ಸೆಪ್ಟಿಕ್ ಟ್ಯಾಂಕಿಗೆ ಗಟ್ಟಿ ತಳ ಇರುತ್ತದೆ. ಗಷ್ಟು ಕೆಳಗೆ ಕೂರುತ್ತದೆ, ಮೇಲಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಷ್ಟು ತೆಗೆಸಬೇಕು. ನಮ್ಮದು ಅಂಥದ್ದಲ್ಲ. ಮಳೆಗಾಲದಲ್ಲಿ ನೆಲ ನೀರು ಕುಡಿಯೋದು ನಿಂತ ಕೂಡಲೇ ಫ್ಲಶ್ ಮಾಡಿದ ನೀರು ಕಮೋಡಿನಲ್ಲೇ ನಿಲ್ಲುತ್ತಿತ್ತು. ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು ಬಂದರೆ ಸಕ್ಕಿಂಗ್ ಲಾರಿಗೆ ಫೋನ್ ಮಾಡಬೇಕು ಅಂತ ಅರ್ಥ. ಲಾರಿಯವರು ಹೇಳಿದ್ದೇ ರೇಟು. ಹಬ್ಬದ ಹಿಂದಿನ ದಿನವಾದರೆ ಕೇಳೋದೇ ಬೇಡ.

ಅದಕ್ಕಿಂತ ದೊಡ್ಡ ಚಿಂತೆ ಬೋರ್‌ವೆಲ್‌ದು. ಸಣ್ಣ ಸೈಟಿನಲ್ಲಿ ಒಂದು ಮೂಲೆಗೆ ಪಿಟ್, ಇನ್ನೊಂದು ಮೂಲೆಗೆ ಬೋರ್. ಪಕ್ಕದ ಮನೆಯ ಪಿಟ್ ನಮ್ಮ ಬೋರಿಗೆ ಇನ್ನೂ ಹತ್ತಿರ. ನೀರು ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ ಮಿತಿ ದಾಟಿತ್ತು. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾಯಿಸಿದರೂ ಹೋಗಲ್ಲ. ಎಳೆ ಮಗುವಿಗೆ ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ನಿಜಕ್ಕೂ ಅಪಾಯ. ಕನೆಕ್ಷನ್ ತಗೊಂಡು ಇಷ್ಟು ವರ್ಷವಾದರೂ ನಮ್ಮ ಬೋರಿನ ನೀರು ಪೂರ್ತಿ ಸರಿಹೋಗಿಲ್ಲ. ಪ್ರಮಾಣ ಇಳಿದಿದೆ, ಆದರೆ ಕುಡಿಯಲು ಈಗಲೂ ನಲ್ಲಿ ನೀರೇ. ನೆಲದೊಳಗೆ ಇಳಿದಿದ್ದು ಅಷ್ಟು ಬೇಗ ಹೊರಗೆ ಬರಲ್ಲ. ಬೀದಿಯಲ್ಲಿ ಇನ್ನೂ ಕೆಲವು ಮನೆಗಳು ಪಿಟ್‌ನಲ್ಲೇ ಇವೆ.

ಕನೆಕ್ಷನ್ ಕೆಲಸ ದೊಡ್ಡದೇನಲ್ಲ. ಅರ್ಜಿ, ಠೇವಣಿ, ರಸ್ತೆ ಅಗೆಯುವ ಶುಲ್ಕ, ಲೈಸೆನ್ಸ್ ಇರುವ ಪ್ಲಂಬರ್. ಪಿಟ್‌ಗೆ ಹೋಗುತ್ತಿದ್ದ ಪೈಪನ್ನು ತಿರುಗಿಸಿ, ಕಾಂಪೌಂಡಿನ ಒಳಗೆ ಒಂದು ಚೇಂಬರ್ ಕಟ್ಟಿ, ಅಲ್ಲಿಂದ ಬೀದಿಯ ಲೈನಿಗೆ ಸೇರಿಸುತ್ತಾರೆ. ಇಲ್ಲಿ ಮುಖ್ಯ ಅಂದರೆ ಇಳಿಜಾರು. ಕಮ್ಮಿಯಾದರೆ ಗಟ್ಟಿ ಪದಾರ್ಥ ದಾರಿಯಲ್ಲೇ ಕೂರುತ್ತದೆ. ನಮ್ಮ ಪ್ಲಂಬರ್ ಮಟ್ಟಗೋಲು ಇಟ್ಟು ನೋಡಿ, ಮುಚ್ಚುವ ಮುಂಚೆ ಒಂದು ಬಕೆಟ್ ನೀರಿಗೆ ಅರಿಶಿನ ಕದಡಿ ಕಮೋಡಿಗೆ ಸುರಿದರು. ಹಳದಿ ನೀರು ಚೇಂಬರಿನಲ್ಲಿ ಸರ್ರನೆ ಬಂದು ಹೋಯಿತು. ಎಲ್ಲೂ ನಿಲ್ಲಲಿಲ್ಲ. ನೀವೂ ಇದನ್ನು ಕಣ್ಣಾರೆ ನೋಡಿಯೇ ಮಣ್ಣು ಮುಚ್ಚಿಸಿ.

ಮೊದಲ ಬೇಸಿಗೆ ಪೂರ್ತಿ ಚೆನ್ನಾಗಿತ್ತು. ವಾಸನೆ ಹೋಯಿತು, ಸೊಳ್ಳೆ ಕಮ್ಮಿಯಾಯಿತು, ನೆಂಟರು ಬಂದರೆ ಪಿಟ್ ತುಂಬುತ್ತೆ ಅನ್ನೋ ಯೋಚನೆ ಇಲ್ಲ. ಆಮೇಲೆ ಮಳೆ ಬಂತು.

ನಮ್ಮ ಬೀದಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಕೊನೆಯ ಮನೆ ಒಂದು ವಯಸ್ಸಾದ ದಂಪತಿಯದು. ಜೋರು ಮಳೆಯ ರಾತ್ರಿ ಅವರ ಬಚ್ಚಲಿನ ಜಾಲರಿಯಿಂದ ಬೀದಿಯ ಕೊಳಚೆಯೆಲ್ಲ ಉಕ್ಕಿ ಅಡುಗೆಮನೆವರೆಗೆ ಬಂದಿತ್ತು. ಬೆಳಿಗ್ಗೆ ನಾವೆಲ್ಲ ಸೇರಿ ಫಿನಾಯಿಲ್ ಹಾಕಿ ತೊಳೆದೆವು. ಅಜ್ಜಿ ಒಂದೇ ಮಾತು ಹೇಳಿದರು: "ಪಿಟ್ ಇದ್ದಾಗ ನಮ್ಮದನ್ನ ನಾವು ನೋಡ್ಕೊಂತಿದ್ವಿ ಕಣಪ್ಪ, ಈಗ ಊರಿಂದೆಲ್ಲ ನಮ್ಮನೆಗೆ."

ಕಾರಣ ಹುಡುಕಿದರೆ ಮೇಲಿನ ಅರ್ಧ ಡಜನ್ ಮನೆಯವರು ತಾರಸಿಯ ಮಳೆನೀರಿನ ಪೈಪನ್ನೂ ಯುಜಿಡಿ ಚೇಂಬರಿಗೇ ಬಿಟ್ಟಿದ್ದರು. ಅಂಗಳ ಕೆಸರಾಗಲ್ಲ, ಸುಲಭ ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡಾ 80 ಒಳಚರಂಡಿಗೆ ಅಂತ ಇಟ್ಟುಕೊಂಡರೆ ಐದು ಜನರ ಮನೆಯಿಂದ ದಿನಕ್ಕೆ ಸುಮಾರು 540 ಲೀಟರ್ ಹೋಗುತ್ತದೆ. 1,200 ಚದರಡಿ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್. ಅಂದರೆ ಹತ್ತು ದಿನದ ಕೊಳಚೆಯಷ್ಟು ನೀರು ಒಂದೇ ಗಂಟೆಯಲ್ಲಿ, ಅದೂ ಒಂದೇ ಮನೆಯಿಂದ. ಆ ಪೈಪನ್ನು ಮಳೆನೀರಿಗೆ ಅಂತ ಹಾಕಿದ್ದೇ ಅಲ್ಲ.

ಮನೆಮನೆಗೆ ಹೋಗಿ ಈ ಲೆಕ್ಕ ಹೇಳಿದೆವು. "ಅಣ್ಣಾ, ತಾರಸಿ ನೀರು ಮತ್ತೆಲ್ಲಿಗೆ ಬಿಡೋಣ?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೆಲವರು ನೀರಿನ ಸಂಪ್‌ಗೆ ತಿರುಗಿಸಿದರು, ಕೆಲವರು ರಸ್ತೆ ಬದಿಯ ಮಳೆನೀರು ಚರಂಡಿಗೆ ಬಿಟ್ಟರು. ಇಬ್ಬರು ಒಪ್ಪಲೇ ಇಲ್ಲ. ಕೊನೆಗೆ ಅಜ್ಜಿ ಮನೆಯ ಚೇಂಬರಿಗೆ ಹಿಂದಿನಿಂದ ನೀರು ನುಗ್ಗದಂತೆ ತಡೆಯುವ ವಾಲ್ವ್ ಹಾಕಿಸಿದೆವು, ಖರ್ಚು ಬೀದಿಯವರೆಲ್ಲ ಹಂಚಿಕೊಂಡೆವು. ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ಈ ವಾಲ್ವ್ ಇಲ್ಲದೆ ಕನೆಕ್ಷನ್ ತಗೊಳ್ಳಲೇಬೇಡಿ. ವರ್ಷಕ್ಕೆರಡು ಸಲ ತೆಗೆದು ತೊಳೆಯಬೇಕು. ಕೂದಲು ಸಿಕ್ಕಿಕೊಂಡರೆ ಅದು ಮುಚ್ಚಲ್ಲ.

ಕರೆಂಟ್ ಹೋದಾಗಲೂ ಒಮ್ಮೊಮ್ಮೆ ಲೈನ್ ತುಂಬುತ್ತದೆ. ಬಡಾವಣೆಯ ತಗ್ಗಿನಲ್ಲಿ ಕೊಳಚೆಯೆಲ್ಲ ಬಂದು ಸೇರುವ ಬಾವಿ (ವೆಟ್‌ವೆಲ್) ಇದೆ, ಅಲ್ಲಿಂದ ಪಂಪ್ ಮಾಡಿ ಶುದ್ಧೀಕರಣ ಘಟಕಕ್ಕೆ ಕಳಿಸಬೇಕು. ಪಂಪ್ ನಿಂತರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಜನರೇಟರ್ ಇದೆ, ಡೀಸೆಲ್ ಇದ್ದಾಗ ಓಡುತ್ತದೆ. ನನ್ನ ಒಂದು ಅಂಕದಲ್ಲಿ ಅರ್ಧ ಹೋಗಿದ್ದು ಇಲ್ಲಿಗೆ.

ಇನ್ನೊಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಲೈನ್ ಕಟ್ಟಿಕೊಂಡಾಗ ಯಾರೋ ಒಬ್ಬ ಕಾರ್ಮಿಕನನ್ನು ಕರೆತಂದು ಮ್ಯಾನ್‌ಹೋಲಿಗೆ ಇಳಿಸುವ ಮಾತು ನಮ್ಮ ಬೀದಿಯಲ್ಲೂ ಬಂತು. "ಐನೂರು ಕೊಟ್ರೆ ಇಳೀತಾನೆ ಸಾರ್." ನಾವು ಬಿಡಲಿಲ್ಲ. ಒಳಗೆ ತುಂಬಿರುವ ಅನಿಲ ಒಂದೆರಡು ಉಸಿರಿಗೇ ಜೀವ ತೆಗೆಯಬಹುದು. ಹಳೇ ಪಿಟ್‌ಗೂ ಇದೇ ಮಾತು. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೋದ ಜೀವಕ್ಕೆ ಯಾವ ದುಡ್ಡು? ಜೋರಾಗಿ ನೀರು ಹಾಯಿಸಿ ಲೈನ್ ಬಿಡಿಸುವ ಜೆಟ್ಟಿಂಗ್ ಮಷೀನ್ ಬರೋವರೆಗೆ ಎರಡು ದಿನ ಕಾದೆವು. ಕಷ್ಟವಾಯಿತು, ಕಾದೆವು. ಮಷೀನ್ ಎಳೆದು ಹಾಕಿದ್ದು ಏನು ಗೊತ್ತಾ? ಸ್ಯಾನಿಟರಿ ಪ್ಯಾಡ್, ಡೈಪರ್, ಒಂದು ಹಳೇ ಲುಂಗಿ, ಜಿಡ್ಡುಗಟ್ಟಿದ ಎಣ್ಣೆಯ ಉಂಡೆಗಳು. ಇವೆಲ್ಲ ನಮ್ಮ ನಮ್ಮ ಮನೆಯಿಂದಲೇ ಹೋದವು.

ಹಳೇ ಪಿಟ್ ಏನು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ಹಾಗೇ ಬಿಡಬೇಡಿ. ಮೇಲಿನ ಚಪ್ಪಡಿ ಒಂದು ದಿನ ಕುಸಿಯುತ್ತದೆ, ಮಕ್ಕಳು ಆಡುವ ಜಾಗ. ನಾವು ಲಾರಿಯಿಂದ ಪೂರ್ತಿ ಖಾಲಿ ಮಾಡಿಸಿ, ಸುಣ್ಣ ಹಾಕಿ, ಜಲ್ಲಿ ಮಣ್ಣು ತುಂಬಿಸಿದೆವು. ಅದನ್ನೇ ಮಳೆನೀರು ಇಂಗಿಸಲು ಬಳಸೋಣ ಅಂತ ಮೇಸ್ತ್ರಿ ಹೇಳಿದರು. ಸಣ್ಣ ಸೈಟಿನಲ್ಲಿ ಬೋರ್ ಹತ್ತಿರದಲ್ಲೇ ಇದ್ದ ಕಾರಣ ನಾನು ಒಪ್ಪಲಿಲ್ಲ.

ಎಲ್ಲ ಕಡೆಗೂ ಪೈಪ್ ಲೈನೇ ಸರಿ ಅಂತ ನಾನು ಹೇಳಲ್ಲ. ತೋಟದ ಮನೆಗಳು, ಮಲೆನಾಡಿನ ಒಂಟಿ ಮನೆಗಳಿಗೆ ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕೇ ಒಳ್ಳೆಯದು. ದೇವನಹಳ್ಳಿಯಲ್ಲಿ 2015ರಲ್ಲೇ ಪಿಟ್‌ನ ಗಷ್ಟು ಶುದ್ಧೀಕರಿಸುವ ಘಟಕ ಶುರುವಾಯಿತು. ಲಾರಿಯವರು ಕೆರೆಗೋ ಹೊಲಕ್ಕೋ ಸುರಿಯುವ ಬದಲು ಅಲ್ಲಿಗೆ ತಂದು ಕೊಟ್ಟರೆ ಗೊಬ್ಬರವಾಗುತ್ತದೆ. ನಿಮ್ಮೂರಿಗೆ ಯುಜಿಡಿ ಸದ್ಯಕ್ಕೆ ಬರಲ್ಲ ಅಂತಾದರೆ ಅಂಥ ಘಟಕವನ್ನಾದರೂ ಕೇಳಿ. ಯುಜಿಡಿ ಬಂದಿರುವ ಊರಿನವರು ಇನ್ನೊಂದನ್ನು ಕೇಳಬೇಕು: ಪೈಪಿನ ಕೊನೆಯಲ್ಲಿ ಶುದ್ಧೀಕರಣ ಘಟಕ ಓಡುತ್ತಿದೆಯಾ? ನಮ್ಮಲ್ಲಿ ಪೈಪ್ ಮೊದಲು ಬಂತು, ಘಟಕ ತಡವಾಯಿತು. ಅಷ್ಟು ದಿನವೂ ಎಲ್ಲರ ಕೊಳಚೆ ನೇರವಾಗಿ ಕೆರೆಗೆ ಹೋಯಿತು. ಉಳಿದರ್ಧ ಅಂಕ ಹೋಗಿದ್ದು ಅದಕ್ಕೆ.

ನಿಮ್ಮ ಬೀದಿಗೆ ಪೈಪ್ ಬಿದ್ದಿದ್ದರೆ, ರಸ್ತೆಗೆ ಕಾಂಕ್ರೀಟ್ ಹಾಕುವ ಮುಂಚೆಯೇ ಅರ್ಜಿ ಕೊಡಿ, ಅಕ್ಕಪಕ್ಕದವರಿಂದಲೂ ಒಟ್ಟಿಗೆ ಕೊಡಿಸಿ. ಆಮೇಲಾದರೆ ಅಗೆಯುವ ಅನುಮತಿಗೇ ತಿಂಗಳುಗಟ್ಟಲೆ ಓಡಾಡಬೇಕು, ಶುಲ್ಕವೂ ಜಾಸ್ತಿ.