ಗ್ರೀಕ್ ಯೋಗರ್ಟ್: ಪ್ರೋಟೀನ್ ಉಳಿಯಿತು, ಸುಣ್ಣದ ಅಂಶ ಎಲ್ಲಿ ಹೋಯಿತು?

ನಮ್ಮ ತಾಯಿಯವರ ಮೂಳೆಯ ಸಾಂದ್ರತೆ ಕಡಿಮೆಯಾಗಿದೆ, ಊಟದಲ್ಲಿ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಎರಡೂ ಹೆಚ್ಚಬೇಕು ಎಂದು ವೈದ್ಯರು ಹೇಳಿದ ಮೇಲೆ, ಧಾರವಾಡದ ನಮ್ಮ ಮನೆಯ ಫ್ರಿಜ್ಜಿಗೆ ಗ್ರೀಕ್ ಯೋಗರ್ಟ್ ಎಂಬ ಗಟ್ಟಿ ಮೊಸರಿನ ಪ್ಲಾಸ್ಟಿಕ್ ಲೋಟಗಳು ಬಂದು ಕುಳಿತವು. ಸಾದಾ ಮೊಸರಿನ ಎರಡರಷ್ಟು ಪ್ರೋಟೀನ್ ಇದೆ ಎಂದು ಲೋಟದ ಮುಂಭಾಗದಲ್ಲೇ ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಪ್ರೋಟೀನ್ ಎರಡರಷ್ಟಿದ್ದರೆ ಸುಣ್ಣದ ಅಂಶವೂ ಎರಡರಷ್ಟಿರಬೇಕೆಂದು ನಾನು ಯೋಚಿಸದೆಯೇ ನಂಬಿದ್ದೆ. ಎರಡು ತಿಂಗಳು ಪ್ರತಿದಿನ ಒಂದೊಂದು ಲೋಟ ತಂದು ತಾಯಿಯವರಿಗೆ ಕೊಟ್ಟ ಬಳಿಕ, ಅದೇ ಕಾರಣಕ್ಕೆ ಈ ಪದಾರ್ಥವನ್ನು ಕೊಳ್ಳಲು ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗುಣಗಳನ್ನೇ ಹೇಳುತ್ತೇನೆ. ಸಕ್ಕರೆ ಬೆರೆಸದ ಸಾದಾ ಬಗೆಯ ಯೋಗರ್ಟು ರುಚಿಯಲ್ಲಿ ಚೆನ್ನಾಗಿದೆ; ಹುಳಿ ಹದವಾಗಿದೆ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿದ್ದರೂ ನಾಲಿಗೆಗೆ ನುಣುಪಾಗಿದೆ. 100 ಗ್ರಾಮಿನ ಲೋಟದಲ್ಲಿ 8 ಗ್ರಾಂ ಪ್ರೋಟೀನ್ ಇದೆ. ವಯಸ್ಸಾದಂತೆ ಹಸಿವು ಕುಗ್ಗಿ ನಾಲ್ಕು ತುತ್ತಿಗೇ ಸಾಕೆನ್ನುವವರಿಗೆ, ಸ್ವಲ್ಪದರಲ್ಲೇ ಇಷ್ಟು ಪ್ರೋಟೀನ್ ದೊರೆಯುವುದು ನಿಜವಾದ ಅನುಕೂಲವೇ ಸರಿ. ಮಾವಿನ ಹಣ್ಣಿನ ಬಗೆಯನ್ನು ಒಮ್ಮೆ ತಂದು, ಮತ್ತೆ ತರುವುದನ್ನು ಬಿಟ್ಟೆವು. ಅದರಲ್ಲಿ ಮೊಸರಿಗಿಂತ ಸಕ್ಕರೆಯೇ ಮುಂದಿತ್ತು.

ತಕರಾರಿರುವುದು ಲೋಟದ ಹಿಂಭಾಗದಲ್ಲಿ. ಅಲ್ಲಿ ಶಕ್ತಿ, ಪ್ರೋಟೀನ್, ಕೊಬ್ಬು, ಸಕ್ಕರೆಗಳ ಲೆಕ್ಕವಿದೆ, ಕ್ಯಾಲ್ಸಿಯಂ ಎಷ್ಟಿದೆ ಎಂಬ ಸಾಲೇ ಇಲ್ಲ. ಆ ಸಾಲು ಏಕೆ ಮುಖ್ಯ ಎಂಬುದನ್ನು ತಿಳಿಯಲು ಹಾಲಿನ ಒಳಗೇ ಒಮ್ಮೆ ನೋಡಬೇಕು.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡ 80 ಭಾಗ ಕೇಸೀನ್. ಕೇಸೀನಿನ ಎಳೆಗಳಲ್ಲಿ ಅಲ್ಲಲ್ಲಿ ರಂಜಕದ (ಫಾಸ್ಫರಸ್) ಗುಂಪುಗಳು ಅಂಟಿಕೊಂಡಿರುತ್ತವೆ, ಆ ಗುಂಪುಗಳು ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಕಣಗಳನ್ನು ಹಿಡಿದುಕೊಂಡು ಮೈಸೆಲ್ ಎಂಬ ಸಣ್ಣ ಗೋಲಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತವೆ. ಹಾಲು ಬೆಳ್ಳಗೆ ಕಾಣುವುದಕ್ಕೆ ಈ ಗೋಲಗಳೂ ಕಾರಣ. ಒಂದು ಲೀಟರು ಹಾಲಿನಲ್ಲಿ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಅದರ ಮೂರನೆಯ ಎರಡು ಭಾಗ ಈ ಗೋಲಗಳೊಳಗೇ ಇರುತ್ತದೆ. ಇಷ್ಟೊಂದು ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಬರಿಯ ನೀರಿನಲ್ಲಿ ಬೆರೆಸಿದ್ದರೆ ಸುಣ್ಣದ ನೀರಿನ ಗಸಿಯಂತೆ ತಳಕ್ಕಿಳಿದು ಗಟ್ಟಿಯಾಗುತ್ತಿತ್ತು. ಕರುವಿನ ಹೊಟ್ಟೆಗೆ ಅದನ್ನು ದ್ರವರೂಪದಲ್ಲೇ ತಲುಪಿಸುವ ಕೆಲಸವನ್ನು ಕೇಸೀನ್ ಮಾಡುತ್ತದೆ. ಪ್ರಕೃತಿಯ ಈ ಏರ್ಪಾಡನ್ನು ತಿಳಿದ ದಿನದಿಂದ ಹಾಲಿನ ಪಾತ್ರೆಯನ್ನು ನಾನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ.

ಹಾಲಿಗೆ ಹೆಪ್ಪು ಹಾಕಿದಾಗ ಈ ಏರ್ಪಾಡು ಬದಲಾಗುತ್ತದೆ. ಹುಳಿ ಏರುತ್ತಾ ಹೋದಂತೆ ಗೋಲಗಳೊಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಸುತ್ತಲಿನ ನೀರಿಗೆ ಇಳಿಯುತ್ತದೆ, ಕೇಸೀನ್ ಮಾತ್ರ ಬಲೆಯಂತೆ ಹೆಣೆದುಕೊಂಡು ಮೊಸರಾಗಿ ನಿಲ್ಲುತ್ತದೆ. ಮೊಸರನ್ನು ಹಾಗೆಯೇ ಉಂಡರೆ ಏನೂ ನಷ್ಟವಿಲ್ಲ, ನೀರೂ ಬಲೆಯೂ ಒಟ್ಟಿಗೇ ಹೊಟ್ಟೆಗೆ ಹೋಗುತ್ತವೆ. ಆದರೆ ಸಾಂಪ್ರದಾಯಿಕ ಕ್ರಮದಲ್ಲಿ ಮಾಡಿದ ಗ್ರೀಕ್ ಯೋಗರ್ಟ್ ಎಂದರೆ ನೀರು ಬಸಿದ ಮೊಸರು. ನಮ್ಮ ಕಡೆ ಶ್ರೀಖಂಡಕ್ಕೆಂದು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವ ಚಕ್ಕಾ ಕೂಡ ಇದೇ ಪದಾರ್ಥ. ಬಸಿದುಹೋಗುವ ಆ ತಿಳಿಹಸಿರು ನೀರಿನೊಡನೆ ಕರಗಿದ ಕ್ಯಾಲ್ಸಿಯಮ್ಮಿನ ದೊಡ್ಡ ಪಾಲು ಹೊರಟುಹೋಗುತ್ತದೆ.

ಲೆಕ್ಕವನ್ನು ಕಣ್ಣಾರೆ ನೋಡಬೇಕೆಂದು ಒಂದು ಲೀಟರು ಹಾಲಿನ ಮೊಸರನ್ನು ಬಿಳಿಯ ಪಂಚೆಯ ತುಂಡಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಸಿಯಲು ಬಿಟ್ಟೆ. ಬೆಳಗ್ಗೆ ಬಟ್ಟೆಯಲ್ಲಿ 400 ಗ್ರಾಮಿಗೆ ತುಸು ಹೆಚ್ಚು ಚಕ್ಕಾ ಉಳಿದಿತ್ತು, ಕೆಳಗಿನ ಪಾತ್ರೆಯಲ್ಲಿ ಅರ್ಧ ಲೀಟರಿಗೂ ಮೀರಿ ನೀರು ಇಳಿದಿತ್ತು. ಕ್ಯಾಲ್ಸಿಯಂ ಬಹುಮಟ್ಟಿಗೆ ನೀರಿನಲ್ಲೇ ಕರಗಿರುವುದರಿಂದ, ನೀರು ಅರ್ಧಕ್ಕಿಂತ ಹೆಚ್ಚು ಹೋದರೆ ಅದೂ ಅಷ್ಟೇ ಪಾಲು ಹೋಗಿರುತ್ತದೆ. ಪ್ರೋಟೀನಿನ ಬಹುಭಾಗ ಬಟ್ಟೆಯೊಳಗೇ ಉಳಿದು 100 ಗ್ರಾಮಿಗೆ ಎರಡರಷ್ಟಾಗುತ್ತದೆ, ಕ್ಯಾಲ್ಸಿಯಂ ಮಾತ್ರ ಸಾದಾ ಮೊಸರಿನಷ್ಟೇ, ಅಂದರೆ 100ರಿಂದ 120 ಮಿಲಿಗ್ರಾಮಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನಾನು ಪಾತ್ರೆಯ ನೀರನ್ನು ಚೆಲ್ಲಲು ಹೊರಟಾಗ ತಾಯಿಯವರು, “ಆ ನೀರ ಚೆಲ್ಲಬ್ಯಾಡ, ಕಣಕ ನಾದಾಕ ಬೇಕು” ಎಂದರು. ಚಪಾತಿಯ ಹಿಟ್ಟಿಗೆ ಆ ನೀರನ್ನೇ ಬಳಸುವ ರೂಢಿ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇದೆ. ಚೆಲ್ಲುವ ನೀರಿನಲ್ಲಿ ಇಷ್ಟು ಸತ್ವವಿತ್ತೆಂಬುದು ನನಗೆ ಈಗ ತಿಳಿಯಿತು.

ಗ್ರೀಕ್ ಯೋಗರ್ಟ್ ಎಂಬ ಹೆಸರಿನ ಎಲ್ಲ ಲೋಟಗಳೂ ಒಂದೇ ಅಲ್ಲ. ಬೇರೊಂದು ಕಂಪನಿಯ ಲೋಟವನ್ನು ಕೊಂಡು ನೋಡಿದಾಗ ಪದಾರ್ಥಗಳ ಪಟ್ಟಿಯಲ್ಲಿ ‘ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್’, ಅಂದರೆ ಸಾಂದ್ರಗೊಳಿಸಿದ ಹಾಲಿನ ಪ್ರೋಟೀನ್, ಎಂದಿತ್ತು, ಕ್ಯಾಲ್ಸಿಯಂ 200 ಮಿಲಿಗ್ರಾಂ ಎಂದೂ ನಮೂದಿಸಿತ್ತು. ಇದರ ಮರ್ಮ ಸರಳವಾಗಿದೆ. ಹಾಲು ಹುಳಿಯಾಗುವ ಮೊದಲೇ ಅದನ್ನು ಸೂಕ್ಷ್ಮ ಜರಡಿಯಲ್ಲಿ ಸೋಸಿ ಪ್ರೋಟೀನನ್ನು ಸಾಂದ್ರಗೊಳಿಸಿದರೆ, ಕ್ಯಾಲ್ಸಿಯಂ ಆಗಿನ್ನೂ ಕೇಸೀನಿನ ಗೋಲದೊಳಗೇ ಇರುವುದರಿಂದ ಅದರ ಜೊತೆಗೇ ಉಳಿದುಕೊಳ್ಳುತ್ತದೆ. ಹೆಪ್ಪಾದ ಮೇಲೆ ಬಸಿದರೆ ಕೇಸೀನೆಂಬ ಗಾಡಿ ಉಳಿಯುತ್ತದೆ, ಕ್ಯಾಲ್ಸಿಯಮೆಂಬ ಸರಕು ಇಳಿದುಹೋಗುತ್ತದೆ. ಈ ಎರಡನೆಯ ಲೋಟದ ರುಚಿಯಲ್ಲಿ ಹಾಲಿನ ಪುಡಿಯ ವಾಸನೆ ಸ್ವಲ್ಪ ಇದೆ. ಆದರೂ ಮೂಳೆಯ ಸಲುವಾಗಿ ಕೊಳ್ಳುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ತಿಂದ ಕ್ಯಾಲ್ಸಿಯಮ್ಮಿನಲ್ಲಿ ಮೈಗೆ ಹತ್ತುವುದೆಷ್ಟು ಎಂಬುದು ಇನ್ನೊಂದು ಪ್ರಶ್ನೆ. ಹಾಲು ಮೊಸರಿನ ಕ್ಯಾಲ್ಸಿಯಮ್ಮಿನಲ್ಲಿ ಸುಮಾರು ಶೇಕಡ 30 ಭಾಗವನ್ನು ಕರುಳು ಹೀರಿಕೊಳ್ಳುತ್ತದೆ, ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವ ಆಕ್ಸಲೇಟ್ ತುಂಬಿರುವ ಪಾಲಕ್ ಸೊಪ್ಪಿನಲ್ಲಾದರೆ ಇದು ಶೇಕಡ 5ರ ಹತ್ತಿರವಷ್ಟೇ. ಕೇಸೀನ್ ಜೀರ್ಣವಾಗುವಾಗ ಅದರ ರಂಜಕವುಳ್ಳ ಭಾಗಗಳು ಸಣ್ಣ ತುಣುಕುಗಳಾಗಿ ಬಿಡುಗಡೆಯಾಗಿ, ಸಣ್ಣ ಕರುಳಿನ ಕೆಳಭಾಗದಲ್ಲಿಯೂ ಕ್ಯಾಲ್ಸಿಯಂ ಗಟ್ಟಿಕಟ್ಟದಂತೆ ಹಿಡಿದಿಡುತ್ತವೆ. ಈ ತುಣುಕುಗಳು ರಿಕೆಟ್ಸ್ (ಮೂಳೆ ಮೆದುವಾಗುವ ರೋಗ) ಇದ್ದ ಶಿಶುಗಳ ಮೂಳೆಗೆ ಸುಣ್ಣ ಸೇರಲು ನೆರವಾಗುತ್ತವೆ ಎಂದು ಸ್ವೀಡನ್ನಿನ ಸಂಶೋಧಕ ಮೆಲ್ಲಾಂಡರ್ 1950ರಲ್ಲೇ ವರದಿ ಮಾಡಿದ್ದರು. ಅನಂತರ ಮನುಷ್ಯರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಒಂದೇ ರೀತಿ ಬಂದಿಲ್ಲ, ಆದ್ದರಿಂದ ಈ ತುಣುಕುಗಳ ಹೆಸರು ಹೇಳಿ ದುಬಾರಿ ಪುಡಿ ಮಾರುವವರ ಮಾತಿಗೆ ಮರುಳಾಗಬೇಕಾಗಿಲ್ಲ. ವಿಟಮಿನ್ ಡಿ ಕೊರತೆಯಿದ್ದರೆ ಯಾವ ಮೊಸರೂ ತನ್ನ ಪೂರ್ಣ ಫಲವನ್ನು ಕೊಡಲಾರದು.

ಜೋಳದ ರೊಟ್ಟಿಯ ಊಟದ ಜೊತೆ ಮೊಸರಿದ್ದರೆ ಸತುವಿನ (ಜಿಂಕ್) ಹೀರಿಕೆಗೂ ಸಹಾಯವಾಗುತ್ತದೆ, ಏಕೆಂದರೆ ಸತುವನ್ನು ಕಟ್ಟಿಹಾಕುವ, ಧಾನ್ಯದ ಫೈಟೇಟ್ ಎಂಬ ಅಂಶದ ಹಿಡಿತವನ್ನು ಹಾಲಿನ ಪ್ರೋಟೀನ್ ಸ್ವಲ್ಪ ಸಡಿಲಿಸುತ್ತದೆ. ಕಬ್ಬಿಣದ ವಿಷಯ ಇದಕ್ಕೆ ವಿರುದ್ಧ: ಹಾಲಿನ ಕ್ಯಾಲ್ಸಿಯಂ ಮತ್ತು ಕೇಸೀನ್ ಎರಡೂ ಕಬ್ಬಿಣದ ಹೀರಿಕೆಗೆ ಅಡ್ಡಿಯಾಗುತ್ತವೆ. ಕಬ್ಬಿಣದ ಮಾತ್ರೆ ನುಂಗುವವರು ಮೊಸರಿನ ಹೊತ್ತನ್ನೂ ಮಾತ್ರೆಯ ಹೊತ್ತನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

ಋತುಬಂಧವಾದ ಮಹಿಳೆಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಶಿಫಾರಸು ಮಾಡಿದೆ. ನಾನು ಮೊದಲು ತಂದ ಲೋಟಕ್ಕೆ ಆಗ 60 ರೂಪಾಯಿ ಇತ್ತು, ಅದರಿಂದ ದೊರೆಯುವುದು ಈ ಅಗತ್ಯದ ಹತ್ತನೆಯ ಒಂದು ಭಾಗದಷ್ಟು. ಅದೇ ಹಣದಲ್ಲಿ ಒಂದು ಲೀಟರು ನಂದಿನಿ ನೀಲಿ ಪೊಟ್ಟಣದ ಹಾಲು ಕೊಂಡು ಹೆಪ್ಪು ಹಾಕಿದರೆ, 200 ಗ್ರಾಮಿನ ಐದು ಬಟ್ಟಲು ಮೊಸರಾಗುತ್ತದೆ, ಬಟ್ಟಲಿಗೆ 240 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಸಿಗುತ್ತದೆ. ಕೆನೆ ತೆಗೆದ ಹಾಲಾದರೂ ಕ್ಯಾಲ್ಸಿಯಂ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ಕೊಬ್ಬಿನಲ್ಲಿ ಇರುವುದೇ ಇಲ್ಲ.

ಪ್ರೋಟೀನಿಗಾಗಿ ಕೊಳ್ಳುವವರಿಗೆ ಮೊದಲ ಲೋಟಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಮೂಳೆಗಾಗಿ ಕೊಳ್ಳುವವರಿಗೆ ಎರಡೇ. ಕ್ಯಾಲ್ಸಿಯಂ ನಮೂದಿಸಿದ ಎರಡನೆಯ ಲೋಟವನ್ನು ತಾಯಿಯವರಿಗೆ ಹಸಿವಿಲ್ಲದ ದಿನಗಳಿಗೆಂದು ವಾರಕ್ಕೆ ಎರಡು ತರುತ್ತೇವೆ. ಉಳಿದಂತೆ ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಮನೆಯ ಮೊಸರು, ಮೇಲೆ ನಿಂತ ನೀರನ್ನು ಚೆಲ್ಲದೆ ಕಲಸಿಕೊಂಡೇ ಉಣ್ಣುತ್ತಾರೆ.