ಪೊನ್ನಂಪೇಟೆ ಭಾಗದ ಹಂದಿಗೂಡುಗಳಿಗೆ ಬರುವ ವೀರ್ಯ ತಪಾಸಣೆ ಸೇವೆ

ಪೊನ್ನಂಪೇಟೆ ಸುತ್ತಮುತ್ತ ಹಂದಿ ಸಾಕುವವರ ಮನೆಗೇ ಬಂದು ಬೀಜದ ಹಂದಿಯ ವೀರ್ಯ ಪರೀಕ್ಷಿಸುವ ಖಾಸಗಿ ಪಶುವೈದ್ಯರೊಬ್ಬರ ಸೇವೆಯನ್ನು ಈ ವರ್ಷ ಮೇ ತಿಂಗಳ ಆರಂಭದಲ್ಲಿ ಪಡೆದೆವು. ನಮ್ಮ ಹೆಣ್ಣು ಹಂದಿಗಳು ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತಿದ್ದುದರಿಂದ, ಗಂಡು ಹಂದಿಯನ್ನು ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ವೈದ್ಯರು ಮೊದಲು ವಿಚಾರಿಸಿದ್ದು ಮಾರ್ಚ್, ಏಪ್ರಿಲ್ ತಿಂಗಳ ಸಂಗತಿಗಳನ್ನು: ಹಂದಿಗೆ ಜ್ವರ ಬಂದಿತ್ತೇ, ವಾರಕ್ಕೆ ಎಷ್ಟು ಸಲ ಹೆಣ್ಣಿಗೆ ಬಿಟ್ಟಿದ್ದಿರಿ, ಮೇವಿನ ಜೋಳಕ್ಕೆ ಬೂಷ್ಟು ಹಿಡಿದಿತ್ತೇ, ಗೂಡಿನ ಮೇಲೆ ತಗಡಿದೆಯೇ. ಹಂದಿಯ ವೃಷಣದಲ್ಲಿ ವೀರ್ಯಾಣು ರೂಪುಗೊಳ್ಳಲು ಐದು ವಾರಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಅನಂತರ ಪಕ್ಕದ ನಾಳದಲ್ಲಿ ಬಲಿಯಲು ಸುಮಾರು 10 ದಿನ ಬೇಕು. ಹಾಗಾಗಿ ಇಂದಿನ ಮಾದರಿ ಹೇಳುವುದು ಆರೇಳು ವಾರ ಹಿಂದಿನ ಸ್ಥಿತಿಯನ್ನು ಎಂದು ಅವರು ಬಿಡಿಸಿ ಹೇಳಿದರು. ವೃಷಣವು ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕು, ಹಂದಿಗೋ ಬೆವರುವ ಶಕ್ತಿ ತೀರಾ ಕಡಿಮೆ. ಕೊಡಗು ತಂಪು ನಾಡೆಂದು ನಾವು ನೆಮ್ಮದಿಯಿಂದಿದ್ದರೂ ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗಿನ ಸೆಕೆ ಬೇರೆಯೇ.

ಕೆಲಸದ ಅಚ್ಚುಕಟ್ಟು ಮೆಚ್ಚುವಂಥದ್ದು. ಹಂದಿಯ ವೀರ್ಯಾಣು ತಣ್ಣನೆಯ ಗಾಜು ತಗುಲಿದರೂ ಕೆಡುತ್ತದೆಂದು ಸ್ಲೈಡನ್ನು ಬೆಚ್ಚಗೆ ಮಾಡಿಕೊಂಡು, ಅಂಟಂಟಾದ ಭಾಗವನ್ನು ಬಟ್ಟೆಯಲ್ಲಿ ಸೋಸಿ, ತಾವೇ ತಂದ ಸೂಕ್ಷ್ಮದರ್ಶಕದಲ್ಲಿ ನಮಗೂ ತೋರಿಸಿದರು. ಮುಂದಕ್ಕೆ ನೇರವಾಗಿ ಈಜುತ್ತಿದ್ದವು ಕೆಲವೇ; ಉಳಿದವು ನಿಂತಲ್ಲೇ ಸುತ್ತುತ್ತಿದ್ದವು, ಹಲವುಗಳ ಬಾಲ ಸುರುಳಿಯಾಗಿತ್ತು.

ಔಷಧಿ ಏನೂ ಬರೆಯಲಿಲ್ಲ, ಅದೇ ನನಗೆ ವಿಶ್ವಾಸ ಮೂಡಿಸಿತು. ತಗಡಿನ ಮೇಲೆ ಹುಲ್ಲು ಹೊದಿಸಿ, ಮಧ್ಯಾಹ್ನ ಮೈಗೆ ನೀರು ಚಿಮುಕಿಸಿ, ಏಳು ವಾರ ಹೆಣ್ಣಿಗೆ ಬಿಡಬೇಡಿ ಎಂದರು. ಮರುತಪಾಸಣೆಯಲ್ಲಿ ಚಲಿಸುವ ವೀರ್ಯಾಣುಗಳ ಪ್ರಮಾಣ ಶೇಕಡ 70 ದಾಟಿತ್ತು, ಹಂದಿ ನಮ್ಮಲ್ಲೇ ಉಳಿಯಿತು.

ವರದಿ ಮಾತ್ರ ಬರೀ ಅಂಕಿಗಳ ಒಂದು ಹಾಳೆ. ಬಾಯಲ್ಲಿ ಅಷ್ಟು ಚೆನ್ನಾಗಿ ಹೇಳಿದ್ದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಗೂಡು ನೋಡಿಕೊಳ್ಳುವವರಿಗೂ ಉಪಯೋಗವಾಗುತ್ತಿತ್ತು. ಮಳೆ ಹಿಡಿದ ಮೇಲೆ ಒಳರಸ್ತೆಯ ತೋಟಗಳಿಗೆ ಅವರು ಬರುವುದು ತಡವಾಗುತ್ತದೆ. ನಮ್ಮ ಮರುತಪಾಸಣೆಯೂ ಹಾಗೆಯೇ ಮುಂದಕ್ಕೆ ಹೋಯಿತು. ಆದ್ದರಿಂದ ಎರಡೂ ಭೇಟಿಗಳ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.