ನೀರಿನ ಡಬ್ಬಾನಾ, ಮಣ್ಣಿನ ಬಕೆಟ್ಟಾ: ಕತ್ತಲಲ್ಲಿ ವಿಟ್ಲೊಫ್ ಚಿಗುರಿಸಿದ ಅನುಭವ

ವಿಟ್ಲೊಫ್ ಅಂದ್ರೆ ಚಿಕೋರಿ ಬೇರನ್ನ ಕತ್ತಲಲ್ಲಿಟ್ಟು ಬರಿಸೋ ಬಿಳಿ ಚಿಗುರು, ತರಕಾರಿ ಥರ ತಿನ್ನೋದು. ಬೇರನ್ನ ನೀರಲ್ಲಿಡೋದಾ ಮಣ್ಣಲ್ಲಿಡೋದಾ ಅಂದ್ರೆ, ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಮಣ್ಣಿನ ಬಕೆಟ್ಟಿಗೆ. ಮೊದಲನೇ ಚಳಿಗಾಲ ಬರೀ ನೀರಲ್ಲಿ ಮಾಡ್ದೆ, ಎರಡನೇದು ಅರ್ಧ ನೀರು ಅರ್ಧ ಮಣ್ಣು, ಈ ಸಲ ನೀರಿನ ಡಬ್ಬ ತೊಳೆದು ಅಟ್ಟಕ್ಕೆ ಹಾಕಾಯ್ತು.

ನಾವಿರೋದು ನೆದರ್‌ಲ್ಯಾಂಡ್ಸ್‌ನ ಆಲ್ಮೇರೆಯಲ್ಲಿ. ಸಾಲುಮನೆ, ಹಿಂದೆ ಒಂದು ಪುಟ್ಟ ಗಾರ್ಡನ್, ಅದರ ಕೊನೇಲಿ ಸೈಕಲ್ ಇಡೋ ಶೆಡ್ಡು. "ಚಿಕೋರಿ ಬೆಳೀತಿದೀನಿ" ಅಂತ ಅಮ್ಮಂಗೆ ಫೋನಲ್ಲಿ ಹೇಳಿದ್ರೆ "ಕಾಫಿ ಪುಡೀಗೆ ಬೆರೆಸ್ತಾರಲ್ಲ, ಅದಾ?" ಅಂದ್ರು. ಹೌದು, ಜಾತಿ ಅದೇ, ತಳಿ ಬೇರೆ. ಕಾಫೀಗೆ ಬೇರನ್ನ ಹುರಿದು ಪುಡಿ ಮಾಡ್ತಾರೆ, ಇಲ್ಲಿ ಅದೇ ಥರದ ಬೇರನ್ನ ಚಳಿಗಾಲದಲ್ಲಿ ಕಿತ್ತು ಕತ್ತಲಲ್ಲಿಟ್ಟು ಮತ್ತೆ ಚಿಗುರಿಸ್ತಾರೆ, ಬೆಳಕೇ ಕಾಣದ ಆ ಚಿಗುರು ಬಿಗಿಯಾಗಿ ಸುತ್ಕೊಂಡು ಬೆಳ್ಳಗೆ ಬರತ್ತೆ. ಬಾಳೆಹೂವು ಬಿಡಿಸ್ತಾ ಬಿಡಿಸ್ತಾ ಹೋದ್ರೆ ಕೊನೇಗೆ ಒಳಗೆ ಒಂದು ಎಳೇ ಬಿಳಿ ಮೊಗ್ಗು ಸಿಗತ್ತಲ್ಲ, ನೋಡೋಕೆ ಹೆಚ್ಚುಕಮ್ಮಿ ಹಂಗೇ. ವಿಟ್ಲೊಫ್ ಅನ್ನೋ ಹೆಸರಿನ ಅರ್ಥಾನೂ ಬಿಳಿ ಎಲೆ ಅಂತಲೇ.

ಬೇಸಿಗೆ ಕೆಲಸ ಎರಡಕ್ಕೂ ಒಂದೇ. ಬಿತ್ತೋದು ಮೇ ಮಧ್ಯದ ಮೇಲೆ. ನಾನು ಮೊದಲನೇ ವರ್ಷ ಆತುರಕ್ಕೆ ಬಿದ್ದು ಏಪ್ರಿಲಲ್ಲೇ ಹಾಕ್ದೆ, ಚಳಿ ತಿಂದ ಗಿಡಗಳು ಆಗಸ್ಟ್ ಹೊತ್ತಿಗೆ ಎದ್ದು ನಿಂತು ನೀಲಿ ಹೂ ಬಿಟ್ಬಿಟ್ವು, ಹೂ ಬಂದ ಬೇರು ನಾರಾಗತ್ತೆ, ಅದರಿಂದ ತಿನ್ನೋ ಬಿಳಿ ಮೊಗ್ಗು ಬರಲ್ಲ. ಗಿಡಗಿಡದ ನಡುವೆ ಒಂದು ಗೇಣು ಬಿಡಿ, ಗೊಬ್ಬರ ಜಾಸ್ತಿ ಬೇಡ, ಮಣ್ಣು ಆಳವಾಗಿ ಸಡಿಲ ಮಾಡಿ. ಈ ಕಡೇದು ಸಮುದ್ರದ ತಳವಾಗಿದ್ದ ಪೋಲ್ಡರ್ ಜೇಡಿ, 1968ರಲ್ಲಿ ನೀರು ಹೊರಹಾಕಿ ಒಣಗಿಸಿದ ನೆಲ, ಸಡಿಲ ಮಾಡದೇ ಇದ್ರೆ ಬೇರು ಎರಡು ಮೂರು ಕವಲಾಗಿ ಬಕೆಟ್ಟಲ್ಲಿ ನಿಲ್ಲಿಸೋಕೇ ಆಗಲ್ಲ. ಅಕ್ಟೋಬರ್ ಕೊನೇಲಿ ಕಿತ್ತು, ಎಲೇನ ಬೇರಿನ ತಲೆಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು, ಅದಕ್ಕಿಂತ ಕೆಳಗೆ ಕತ್ತರಿಸಿದ್ರೆ ಚಿಗುರೋ ಕಣ್ಣೇ ಹೋಗತ್ತೆ. ಆಮೇಲೆ ಒಂದೆರಡು ವಾರ ಥಂಡೀಲಿ ಇಡೋದು. ಚಳಿ ತಗುಲಿದ ಮೇಲೇನೇ ಅದು ಚೆನ್ನಾಗಿ ಚಿಗುರೋದು.

ಈಗ ನೀರಿನ ಕಥೆ. ಇವತ್ತು ಸೂಪರ್‌ಮಾರ್ಕೆಟ್‌ಗೆ ಬರೋದೆಲ್ಲ ಬಹುತೇಕ ಈ ರೀತೀಲೇ ಬೆಳೆದದ್ದು, ಕತ್ತಲೆ ಕೋಣೇಲಿ ಟ್ರೇ ಮೇಲೆ ಟ್ರೇ, ಬೇರಿನ ಬುಡದಲ್ಲಿ ನೀರು ಹರೀತಾ ಇರತ್ತೆ. ಮನೇಲೂ ಸುಲಭ ಅಂತ ಕಾಣತ್ತೆ, ಡಬ್ಬದಲ್ಲಿ ಐದು ಸೆಂಟಿಮೀಟರ್ ನೀರು, ಬೇರು ನಿಲ್ಲಿಸು, ಮುಚ್ಚು, ಮೂರು ವಾರ. ನಾನು ಇಟ್ಟಿದ್ದು ಬಾಗಿಲ ಪಕ್ಕದ ಮೀಟರ್ ಕಪಾಟಿನಲ್ಲಿ, ಕತ್ತಲೆ ಇದೆ, ಕಾಲ ಬುಡದಲ್ಲೇ ಇದೆ ಅಂತ.

ಎಂಟನೇ ದಿನ ಬಾಗಿಲು ತೆಗೆದ್ರೆ ವಾಸನೆ. ಹೂದಾನೀಲಿ ವಾರಗಟ್ಲೆ ಮರೆತ ಸೇವಂತಿಗೆ ನೀರಿನ ವಾಸನೆ ಹೇಗಿರತ್ತೋ ಹಂಗೆ. ಬೇರನ್ನ ಎತ್ತಿ ನೋಡಿದ್ರೆ ನೀರಲ್ಲಿದ್ದ ತುದಿ ಮೇಲೆ ಲೋಳೆ, ಬೆಂಡೆಕಾಯಿ ಹೆಚ್ಚಿದ ಕೈಗೆ ಅಂಟತ್ತಲ್ಲ ಅಂಥದು, ಒತ್ತಿದ್ರೆ ಮೆತ್ತಗೆ. ಮೇಲುಗಡೆ ಮಾತ್ರ ಹೆಬ್ಬೆರಳಷ್ಟು ಚಂದದ ಬಿಳಿ ಚಿಗುರು! ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಕೊಳೆತ ತುದಿ ಕತ್ತರಿಸಿ, ತೊಳೆದು, ಹೊಸ ನೀರು ಹಾಕಿ ಇಟ್ಟೆ. ಮೂರು ದಿನಕ್ಕೆ ಮತ್ತೆ ಅದೇ. ಆಮೇಲೆ ದಿನ ಬಿಟ್ಟು ದಿನ ನೀರು ಬದಲಾಯಿಸೋದೇ ಕೆಲಸ, ಅದೂ ಲೈಟು ಹಾಕೋ ಹಾಗಿಲ್ಲ, ರಾತ್ರಿ ಅರೆಗತ್ತಲಲ್ಲಿ ಎಂಟು ಬೇರನ್ನ ಒಂದೊಂದಾಗಿ ಎತ್ತಿ ತೊಳೀಬೇಕು, ಹಿಂಗೆ ಎತ್ತೋವಾಗ ಎರಡು ಮೊಗ್ಗು ಬುಡಕ್ಕೇ ಲಟಕ್ ಅಂತ ಮುರ್ಕೊಂಡ್ವು.

ಯಾಕೆ ಹಿಂಗಾಗತ್ತೆ ಅಂದ್ರೆ, ದೊಡ್ಡ ಬೆಳೆಗಾರರ ನೀರು ಹರೀತಾ ಇರತ್ತೆ, ಅದರಲ್ಲಿ ಗಾಳಿ ಬೆರೀತಾ ಇರತ್ತೆ. ನನ್ನ ಡಬ್ಬದ್ದು ನಿಂತ ನೀರು, ಬೇರಿಗೆ ಉಸಿರಾಟ ಇಲ್ಲ. ಕಿತ್ತಾಗ ಅಂಟಿದ್ದ ಮಣ್ಣು, ಸಣ್ಣ ಸಣ್ಣ ಪಕ್ಕಬೇರು ಎಲ್ಲಾ ನೀರಿಗೇ ಇಳಿದು ಕೊಳೆಯೋಕೆ ಶುರು. ಮುಂದಿನ ವರ್ಷ ಬ್ರಷ್ ಹಾಕಿ ಉಜ್ಜಿ, ಪಕ್ಕಬೇರೆಲ್ಲ ಚಿವುಟಿ, ತುದಿ ಹೊಸದಾಗಿ ಕತ್ತರಿಸಿ ಇಟ್ಟೆ, ಲೋಳೆ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ.

ಇನ್ನೊಂದು ಸೆಖೆ. ಮನೆ ಹೀಟಿಂಗ್ ಓಡ್ತಾ ಇದ್ರೆ ಆ ಕಪಾಟಿನಲ್ಲಿ 20 ಡಿಗ್ರಿ ದಾಟತ್ತೆ. ವಿಟ್ಲೊಫ್‌ಗೆ ಬೇಕಿರೋದು 10ರಿಂದ 15. ಸೆಖೇಲಿ ಬೇಗ ಬರತ್ತೆ ನಿಜ, ಆದ್ರೆ ಉದ್ದುದ್ದ ಸೀಳಿ ನೋಡಿದಾಗ ಗೊತ್ತಾಯ್ತು, ಒಳಗಿನ ದಿಂಡು ಮೊಗ್ಗಿನ ಮುಕ್ಕಾಲು ಎತ್ತರಕ್ಕೆ ಬೆಳೆದುಬಿಟ್ಟಿದೆ, ಎಲೆ ಸಡಿಲವಾಗಿ ಬಾಯಿ ತೆರ್ಕೊಂಡಿದೆ. ಕಹಿ ಜಾಸ್ತಿ ಇರೋದೇ ಆ ದಿಂಡಲ್ಲಿ. ಅದನ್ನ ತೆಗೆದು ಹಾಕಿದ್ರೆ ಉಳಿದಿದ್ದು ಒಂದು ಹಿಡಿ ಎಲೆ ಅಷ್ಟೇ.

ಮಣ್ಣಿನದು ಬ್ರಸೆಲ್ಸ್ ಕಡೆಯ ಹಳೇ ಪದ್ಧತಿ, 19ನೇ ಶತಮಾನದ್ದು. ಅಲ್ಲಿನ ಮಣ್ಣಿನ ವಿಟ್ಲೊಫ್‌ಗೆ ನಮ್ಮ ಮೈಸೂರು ಮಲ್ಲಿಗೆ ಥರಾನೇ ಊರಿನ ಹೆಸರಿನ ಮಾನ್ಯತೆ ಇದೆ. ನಾನು ಮಾಡಿದ್ದು ಇಷ್ಟೇ: ಗಾರೆ ಕೆಲಸದ ಕಪ್ಪು ಬಕೆಟ್ ಎರಡು, ಒಂದರ ತಳಕ್ಕೆ ತೂತು, ಗಾರ್ಡನ್ ಮಣ್ಣು ಮರಳು ಅರ್ಧರ್ಧ, 20 ಸೆಂಟಿಮೀಟರ್‌ಗೆ ಕತ್ತರಿಸಿದ ಎಂಟು ಬೇರು ಒತ್ತೊತ್ತಾಗಿ ನಿಲ್ಲಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಒಂದು ಸಲ ನೀರು ಕುಡಿಸಿದೆ. ಇನ್ನೊಂದು ಬಕೆಟ್ ಮೇಲೆ ಬೋರಲು, ಅದರ ಮೇಲೆ ಹಳೇ ಕಂಬಳಿ. ಶೆಡ್ಡಲ್ಲಿ 10, 11 ಡಿಗ್ರಿ. ವಾರಕ್ಕೊಂದ್ಸಲ ಕಸ ಹಾಕೋಕೆ ಹೋದಾಗ ಮಣ್ಣು ಮುಟ್ಟಿ ನೋಡೋದು, ಅಷ್ಟೇ ಕೆಲಸ. ಹಿಂದೆ ಚಿಗುರಿನ ಮೇಲೂ ಒಂದು ಗೇಣು ಮಣ್ಣು ಹೇರ್ತಿದ್ರು, ಎಲೆ ಬಿಗಿಯಾಗಿ ಕೂರ್ಲಿ ಅಂತ. ಝೂಮ್ ಅನ್ನೋ ಹೈಬ್ರಿಡ್ ತಳಿಗೆ ಅದು ಬೇಕಾಗ್ಲಿಲ್ಲ, ಹಾಗಾಗಿ ಎಲೆ ಸಂದೀಲಿ ಮಣ್ಣೂ ಇಲ್ಲ.

ಐದು ವಾರ ಆಯ್ತು, ನೀರಿಗಿಂತ ಎರಡು ವಾರ ಜಾಸ್ತಿ. ಕಂಬಳಿ ಸರಿಸಿ ಬಕೆಟ್ ಎತ್ತಿದಾಗ ಎಂಟಕ್ಕೆ ಏಳು ಬಂದಿತ್ತು, ಅಂಗೈ ಉದ್ದ, ತುದೀಲಿ ಮಾತ್ರ ತೆಳು ಹಳದಿ, ಬೆರಳಲ್ಲಿ ಒತ್ತಿದ್ರೆ ಗಟ್ಟಿ. ಅವತ್ತು ಇವರನ್ನ, ಮಗಳನ್ನ ಇಬ್ರನ್ನೂ ಕೂಗಿ ಕರೆದು ತೋರಿಸಿದೀನಿ. ಸೀಳಿದ್ರೆ ದಿಂಡು ಬುಡದಲ್ಲಿ ಒಂದು ಗುಬುಟು ಅಷ್ಟೇ.

ರುಚಿ ಬಗ್ಗೆ ಒಂದೇ ಮಾತು, ಮಣ್ಣಿಂದು ಕಚ್ಚಿದ್ರೆ ಕರುಂ ಅನ್ನತ್ತೆ, ಕಹಿ ಹಿಂದಿಂದ ಮೆಲ್ಲಗೆ ಬರತ್ತೆ. ಇಲ್ಲಿನೋರು ಹ್ಯಾಮು ಚೀಸು ಸುತ್ತಿ ಓವನ್‌ಗೆ ಹಾಕ್ತಾರೆ. ನಾನು ಎಲೆ ಬಿಡಿಸಿ ದೊನ್ನೆ ಥರ ಇಟ್ಟು ಒಳಗೆ ಹೆಸರುಬೇಳೆ ಕೋಸಂಬರಿ ತುಂಬಿ ಕೊಡ್ತೀನಿ, ನಿಂಬೆಹುಳಿ ಕಾಯಿತುರಿ ಆ ಕಹೀಗೆ ಹೇಳಿ ಮಾಡಿಸಿದ ಜೋಡಿ. ಹಾಗಲಕಾಯಿ ಗೊಜ್ಜು ತಿಂದು ಬೆಳೆದೋರಿಗೆ ಇದೇನು ಕಹೀನೇ ಅಲ್ಲ.

ಇಟಲಿಯ ತ್ರೆವಿಸೋ ಕೆಂಪು ರಾಡಿಕ್ಕಿಯೋ, ಅದೂ ಚಿಕೋರೀನೇ, ಅದನ್ನೂ ಒಂದ್ಸಲ ಬೆಳೆದೆ. ಅದನ್ನ ಅಲ್ಲಿನೋರು ಹರಿಯೋ ಊಟೆ ನೀರಲ್ಲಿ ನಿಲ್ಲಿಸ್ತಾರೆ, ನನ್ನ ನಿಂತ ನೀರಲ್ಲಿ ಎಲೆ ಎಲ್ಲ ಕೊಳೀತು. ಕತ್ತಲೆ ಗೋಜೇ ಬೇಡ ಅನ್ನೋರಿಗೆ ಗ್ರೂನ್‌ಲೊಫ್ ಅನ್ನೋ ಹಸಿರು ಚಿಕೋರಿ ಇದೆ, ನೆಲದಲ್ಲೇ ಕೋಸಿನ ಥರ ಕಟ್ಕೊಳತ್ತೆ, ಆದ್ರೆ ಅದರ ರುಚೀನೇ ಬೇರೆ.

ದುಡ್ಡು ಉಳಿಸೋಕೆ ಅಂತ ಯಾರೂ ಮಾಡ್ಬೇಡಿ, ಅಂಗಡೀಲಿ ಚಳಿಗಾಲದಲ್ಲಿ ಇದು ಅಗ್ಗ. ನನಗೆ ಬೀಜಕ್ಕೆ ಮೂರು ಯೂರೋ, ಬಕೆಟ್ಟಿಗೆ ಒಂದಷ್ಟು ಅಷ್ಟೇ. ಆದ್ರೆ ಅಂಗಡೀದು ಲೈಟಿನ ಕೆಳಗೆ ಎರಡು ದಿನ ಕೂತ್ರೆ ಸಾಕು ತುದಿ ಹಸಿರಾಗಿ ಕಹಿ ಏರತ್ತೆ, ಮನೇದು ಕತ್ತಲಿಂದ ಸೀದಾ ತಟ್ಟೆಗೆ. ಶೆಡ್ಡೋ ನೆಲಮಾಳಿಗೇನೋ ಇಲ್ಲದ ಅಪಾರ್ಟ್‌ಮೆಂಟ್‌ನೋರು, ಹೀಟಿಂಗ್ ಹಾಕದ ಒಂದು ರೂಮಿದ್ರೆ, ದಿನಾ ನೀರು ಬದಲಾಯಿಸೋ ಶ್ರದ್ಧೆ ಇದ್ರೆ, ನೀರಲ್ಲಿ ಮಾಡ್ಬಹುದು. ನಾನು ಬೆಳಗ್ಗೆ ಏಳಕ್ಕೆ ಟ್ರೈನ್ ಹತ್ತಿ ಸಂಜೆ ಬರೋಳು, ಕಂಬಳಿ ಹೊದ್ದಿಸಿ ಮರೆತುಬಿಡೋ ಬಕೆಟ್ಟೇ ನನಗೆ ಸರಿ.

ಈಗ ಜನವರಿ, ಎರಡನೇ ಸಲ ನೆಟ್ಟ ಬಕೆಟ್ಟೂ ಮುಗೀತಾ ಬಂತು. ಕಿತ್ತು ಮರಳು ಡಬ್ಬದಲ್ಲಿ ಎತ್ತಿಟ್ಟಿದ್ದ ಬೇರು ಇನ್ನೂ 16 ಇದೆ, ಎಂಟನ್ನ ಈ ಭಾನುವಾರ ನೆಡ್ತೀನಿ, ಉಳಿದಿದ್ದು ಶಿವರಾತ್ರಿ ಹತ್ರ ಹತ್ರ.